ಕಲ್ಲಿನ ಒಳಗೆ

"ಸರ್ಕಾರದ ಕಲ್ಲಿನ ಮೇಲೆ ಕತ್ತಿ ಮಸೀತೀಯೇನೇ, ಮುದಿ ಗೂಬೆ? ಇದೇನು ನಿಮ್ಮಪ್ಪ ನೆಟ್ಟಿದ್ದಾ?"

ತೀರದ ಅಧಿಕಾರಿ ಅತ್ತೆಯ ನೀರಿನ ಬೋಗುಣಿಯನ್ನು ಬೂಟುಗಾಲಿನಲ್ಲಿ ಒದ್ದ. ಅತ್ತೆ ಮೀನು ಸೀಳುವ ಕತ್ತಿಯನ್ನು ಬಟ್ಟೆಗೆ ಒರೆಸಿಕೊಂಡು ನಿಧಾನವಾಗಿ ಎದ್ದಳು. ತಪ್ಪು ನಮ್ಮದೇ ಎನ್ನಿ. ಹೋದ ವಾರ ಅವನ ಆಳುಗಳು ಮರಳಿನುದ್ದಕ್ಕೂ ಸುಣ್ಣ ಬಳಿದ ಕಲ್ಲುಗಳನ್ನು ನೆಟ್ಟು ಹೋದಾಗ, ಯಾರೋ ಪುಣ್ಯಾತ್ಮರು ಮಸೆಗಲ್ಲು ಕೊಟ್ಟರೆಂದುಕೊಂಡೆವು. ಒಳ್ಳೆ ಒರಟು ಕಲ್ಲು. ಕೇರಿಯ ಹೆಂಗಸರೆಲ್ಲ ಅದರ ಮೇಲೆ ಕತ್ತಿ ಮಸೆದೆವು. ಮೀನು ಒಣಗಿಸುವ ಬಿದಿರಿನ ತಟ್ಟಿಗಳ ಹಗ್ಗವನ್ನೂ ಅದಕ್ಕೇ ಬಿಗಿದೆವು.

"ಇದು ತೀರ ಕಾಪಾಡೋ ಕಾನೂನು," ಎಂದ ಅವನು. "ಕಲ್ಲಿಂದ ಕಡಲ ಕಡೆ ಯಾರೂ ಏನೂ ಇಡೋ ಹಾಗಿಲ್ಲ. ನಿಮ್ಮ ಗಬ್ಬುನಾತದ ತಟ್ಟಿ ಎಲ್ಲಾ ಕೀಳ್ರಿ."

"ಮತ್ತೆ ಎಲ್ಲಿ ಒಣಗಿಸೋಣ ಸ್ವಾಮಿ?" ಎಂದೆ ನಾನು.

"ಕಲ್ಲಿನ ಒಳಗೆ ಎಲ್ಲಾದ್ರೂ ಸಾಯ್ರಿ. ಅಲ್ಲಿ ಏನು ಬೇಕಾದ್ರೂ ಮಾಡ್ಕೊಳ್ಳಿ, ನಾನ್ಯಾಕೆ ಕೇಳ್ಲಿ?"

ಕಲ್ಲಿನ ಒಳಗೆ ಎಂದರೆ ಊರಿನ ಕಡೆ. ಅಲ್ಲಿರುವುದು ನಮ್ಮ ತಗಡಿನ ಮನೆಗಳು, ಅವುಗಳ ಬೆನ್ನಿಗೆ ರಸ್ತೆ. ಗೋಡೆಯ ನೆರಳಲ್ಲಿ ಮೀನು ಒಣಗುವುದಿಲ್ಲ, ಹುಳ ಬೀಳುತ್ತದೆ. ಇನ್ನು ಕೆಲವೇ ದಿನಕ್ಕೆ ಕಡಲು ಕೆರಳುತ್ತದೆ, ದೋಣಿ ಇಳಿಯುವುದಿಲ್ಲ. ಆ ತಿಂಗಳುಗಳಲ್ಲಿ ಉಣ್ಣುವುದಕ್ಕೂ ಮಾರುವುದಕ್ಕೂ ನಮಗಿರುವುದು ಈಗ ಒಣಗಿಸಿಟ್ಟ ಮೀನು ಒಂದೇ. ಅದು ಕೆಟ್ಟರೆ ಒಲೆಯೂ ಕೆಟ್ಟಂತೆ.

ಅವನು ಕೈ ಬೀಸಿದ. ಆಳುಗಳು ತಟ್ಟಿಗಳನ್ನು ಮಗುಚಿ ತುಳಿದು ಮುರಿದರು. ಉಪ್ಪು ಹಚ್ಚಿದ ಮೀನೆಲ್ಲ ಮರಳಿಗೆ ಬಿತ್ತು. ಅತ್ತೆ ಮಂಡಿಯೂರಿ ಆರಿಸತೊಡಗಿದಾಗ ಒಬ್ಬ ಆ ಮೀನಿನ ಮೇಲೇ ನಡೆದು ಹೋದ. ಅಧಿಕಾರಿ ಮೂಗಿಗೆ ಕರವಸ್ತ್ರ ಹಿಡಿದು ನಕ್ಕ.

"ಆರ್ಸು ಅಜ್ಜಿ, ಆರ್ಸು. ನಾಯಿಗಾದ್ರೂ ಆಗುತ್ತೆ."

ನನ್ನ ಮೈಯೆಲ್ಲ ಉರಿದುಹೋಯಿತು. "ನಿನ್ನ ಬಾಯಿಗೆ ಮಣ್ಣು ಹಾಕ, ಬೇವರ್ಸಿ!" ಎಂದು ಕಿರುಚಿದೆ. ಅತ್ತೆ ನನ್ನ ಕೈ ಹಿಡಿದು ಜಗ್ಗಿದಳು. ಬಡವನ ಕೋಪ ದವಡೆಗೆ ಮೂಲ ಎಂದು ಬುದ್ಧಿ ಹೇಳುತ್ತಾಳೆ ಅಂದುಕೊಂಡೆ.

"ಬಾಯಿ ಆಮೇಲೆ ಮಾಡೇ," ಎಂದಳು. "ಮೊದ್ಲು ಕಲ್ಲು ಎಲ್ಲಿಗೆ ಹೋಗಿದೆ ನೋಡು."

ನೋಡಿದೆ. ನಮ್ಮ ಮನೆಗಳ ಮುಂದೆ, ಹೊಸ್ತಿಲು ತಾಗುವಷ್ಟು ಹತ್ತಿರ, ಕಲ್ಲಿನ ಸಾಲು ನೆಟ್ಟಗೆ ಬಂದಿತ್ತು. ಪಕ್ಕದ ಹೋಟೆಲು ಬಂದ ಕೂಡಲೇ ಸೊಂಟ ಬಳುಕಿಸಿ ಕಡಲ ಕಡೆ ತಿರುಗಿತ್ತು. ಅಲೆಯ ಬಾಯಿಯವರೆಗೆ ಚಾಚಿದ್ದ ಹೋಟೆಲಿನ ಕಟ್ಟೆಯನ್ನು ಪೂರ್ತಿ ಬಳಸಿ, ಮತ್ತೆ ಹಿಂದೆ ಸರಿದು, ಏನೂ ಅರಿಯದ ಹಾಗೆ ನೆಟ್ಟಗಾಗಿತ್ತು. ಹೇಳೋದು ಶಾಸ್ತ್ರ, ಹಾಕೋದು ಗಾಳ.

"ಕಟ್ಟೆ ಕಲ್ಲಿನ ಒಳಗಿದೆ. ಬಿಸಿಲಿದೆ, ಗಾಳಿನೂ ಇದೆ," ಎಂದಳು ಅತ್ತೆ. "ಬುಟ್ಟಿ ಎತ್ತು."

ಅಧಿಕಾರಿಯ ಗಾಡಿ ಹೊರಟ ಮೇಲೆ ಮೀನನ್ನು ಕಡಲಲ್ಲಿ ತೊಳೆದು ಮತ್ತೆ ಉಪ್ಪು ಹಚ್ಚಿದೆವು. ಕೇರಿಯ ಹೆಂಗಸರೆಲ್ಲ ಬುಟ್ಟಿ ಹೊತ್ತು ಕಟ್ಟೆ ಹತ್ತಿದೆವು. ಛತ್ರಿಗಳ ಕೆಳಗೆ ಉಣ್ಣುತ್ತಿದ್ದವರು ತಟ್ಟೆ ಎತ್ತಿಕೊಂಡು ಒಳಗೆ ಓಡಿದರು. ಮೀನನ್ನು ಸುರಿದು, ಸೀಳಿದ ಹೊಟ್ಟೆ ಮೇಲೆ ಬರುವಂತೆ ಸಾಲಾಗಿ ಹರಡಿದೆವು. ನುಣುಪು ನೆಲ ಕಾದ ಹೆಂಚಿನಂತಿತ್ತು. ಇಷ್ಟು ಒಳ್ಳೆಯ ಜಾಗ ನಮಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ.

"ಕೊಳಕು ಮುಂಡೇವಾ, ಇಳೀರಿ ಕೆಳಗೆ!" ಹೋಟೆಲಿನ ಮ್ಯಾನೇಜರು ಅರಚುತ್ತಾ ಬಂದ. "ಇದು ನಮ್ಮ ಜಾಗ!"

ಅವನು ಫೋನು ಮಾಡಿದ್ದೇ ತಡ, ಅಧಿಕಾರಿ ತಿರುಗಿ ಬಂದ. ನಮಗಾಗಿ ಇವರು ಯಾವತ್ತೂ ಇಷ್ಟು ಬೇಗ ಬಂದಿದ್ದಿಲ್ಲ.

"ಏ ಮುದುಕಿ, ಪೊಲೀಸ್ರನ್ನ ಕರೀಲಾ?"

"ಕರೀರಿ ಸ್ವಾಮಿ," ಎಂದಳು ಅತ್ತೆ. "ಕಲ್ಲಿನ ಒಳಗೆ ಏನು ಬೇಕಾದ್ರೂ ಮಾಡ್ಕೊಳ್ಳಿ ಅಂದವ್ರು ನೀವೇ. ಒಳಗೇ ಇದ್ದೀವಿ."

"ಒಳಗೆ ಅಂದ್ರೆ ಹೋಟೆಲೊಳಗಲ್ಲ ಕಣೇ! ಇದು ಬೇರೆ."

"ಇದು ಒಳಗಲ್ವಾ? ಹಾಗಾದ್ರೆ ಹೊರಗೆ. ಹೊರಗಾದ್ರೆ ನಮ್ಮ ತಟ್ಟಿ ಮುರಿದ ಹಾಗೆ ಈ ಕಟ್ಟೆನೂ ಮುರೀರಿ. ಮುರಿಯೋಕೆ ಶುರು ಮಾಡಿ, ನಾವೇ ಮೀನು ಎತ್ಕೊಂಡು ಹೋಗ್ತೀವಿ."

ಹೆಂಗಸರೆಲ್ಲ ಗೊಳ್ಳೆಂದು ನಕ್ಕೆವು. ಅಧಿಕಾರಿ ಇಂಗು ತಿಂದ ಮಂಗನ ಹಾಗೆ ಮ್ಯಾನೇಜರ ಮುಖ ನೋಡಿದ. ಮ್ಯಾನೇಜರು ಕಡಲು ನೋಡಿದ. ಆಮೇಲೆ ಇಬ್ಬರೂ ದೂರ ಹೋಗಿ ಫೋನು ಹಚ್ಚಿದರು.

ರಸ್ತೆಯಲ್ಲಿ ಪೊಲೀಸ್ ಜೀಪು ನಿಂತ ಸದ್ದಾಯಿತು, ಅದರ ಹಿಂದೆ ಇನ್ನೊಂದು. ನನಗೆ ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಒಬ್ಬಳೂ ಕೂತಲ್ಲಿಂದ ಏಳಲಿಲ್ಲ. ಅತ್ತೆ ಕಟ್ಟೆಯ ತುದಿಗೆ ಹೋಗಿ, ಮೂಲೆಯಲ್ಲಿ ಕಟ್ಟೆಗೆ ತಾಗಿಸಿ ನೆಟ್ಟ ಬಿಳಿ ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಅದರ ತಲೆಯ ಮೇಲೆ ಉಗುಳಿ, ಕತ್ತಿ ಮಸೆಯತೊಡಗಿದಳು.

ಬೂಟುಗಳು ಮೆಟ್ಟಿಲು ಹತ್ತುತ್ತಿದ್ದವು. ಅವಳು ತಲೆ ಎತ್ತಲಿಲ್ಲ.

"ಏನೇ ನೋಡ್ತಾ ಕೂತೆ?" ಎಂದಳು ನನಗೆ. "ಮೀನು ಮಗುಚು. ಒಂದು ಮೈ ಒಣಗಿದೆ."