ತುಂಗಮ್ಮನವರ ಕ್ಷಮೆ

“ಮೊದ್ಲು ಹಗ್ಗ ಬಿಗಿಯೋ! ಕತೆ ಆಮೇಲೆ ಹೇಳುವಿಯಂತೆ,” ಎಂದು ಈಶ್ವರಮ್ಮ ನೆಲಕ್ಕೆ ಬಿದ್ದ ಹುರಿಯನ್ನು ಎತ್ತಿ ಮೈದುನ ರಾಜುವಿನ ಕೈಗೆ ತುರುಕಿದಳು. ಚಟ್ಟ ಇನ್ನೂ ಅರ್ಧಕ್ಕೇ ನಿಂತಿತ್ತು.

ಎದೆನೋವೆಂದು ಕೂತ ಗಂಡ ಚೌಡೇಶ್ ಮತ್ತೆ ಏಳಲಿಲ್ಲ. ಶಿಕಾರಿಪುರದಲ್ಲಿ ಅಷ್ಟು ವರ್ಷ ಟಿಲ್ಲರ್, ಪಂಪ್‌ಸೆಟ್ಟು ರಿಪೇರಿ ಮಾಡಿದವನು. ತಾಳಗುಂದದ ತನಕ ಅವನ ಕೈ ತಾಗದ ಮೋಟಾರಿಲ್ಲ. ಆದರೆ ಹೆಣದ ಮುಂದೆ ಕೂತ ಜನಕ್ಕೆ ಬೇಕಾದದ್ದು ಅವನು ವಿಮಾನ ಕೆಡವಿದ ಕತೆ ಮಾತ್ರ.

“ನಟ್ಟು ಬಿಗಿಯೋದು ಮರ್ತಿದ್ನಂತೆ.”

“ನಟ್ಟಲ್ಲ ಮಾರಾಯ, ಪೆಟ್ರೋಲ್ ಪೈಪು!”

ಈಶ್ವರಮ್ಮನಿಗೆ ಮೈಯೆಲ್ಲ ಉರಿಯಿತು. ನಿಜ ಅವಳಿಗೆ ಗೊತ್ತಿತ್ತು. ಹೇಳಬಾರದೆಂದು ಗಂಡ ಬಾಯಿ ಕಟ್ಟಿಹಾಕಿದ್ದ. ಅವನು ಮಣ್ಣಾಗುವ ಮೊದಲು ಆ ಕೆಟ್ಟ ಹೆಸರನ್ನು ತೊಳೆಯದಿದ್ದರೆ ಇನ್ನು ಯಾವಾಗ?

* * *

ಆಗ ಚೌಡೇಶ್ ದೂರದ ಊರಿನಲ್ಲಿ, ವಿಮಾನ ಹಾರಿಸಲು ಕಲಿಸುವ ಶಾಲೆಯೊಂದರಲ್ಲಿ ಮೆಕ್ಯಾನಿಕ್. ಸೊರಬದ ತುಂಗಮ್ಮನವರ ಮಗ ವಿಕ್ರಮ್ ಅಲ್ಲೇ ಪೈಲಟ್. ಸರ್ವಿಸ್ ಆದ ಪುಟ್ಟ ವಿಮಾನವನ್ನು ಅವನು ಹಾರಿಸುವ ದಿನ ತಾಯಿ ಪೂಜೆಗೆಂದು ಬಂದರು. ಹೊಸ ಟ್ರ್ಯಾಕ್ಟರಿಗೆ ಮಾಡುವ ಹಾಗೇ ಕುಂಕುಮ, ಮಾಲೆ, ನಿಂಬೆಹಣ್ಣು. ಪೂಜೆ ಮುಗಿದ ಮೇಲೆ ಚೌಡೇಶ್ ಎಲ್ಲವನ್ನೂ ತೆಗೆದು ಒರೆಸಿದ. ಅವನು ಕೈ ತೊಳೆಯಲು ಹೋದಾಗ, ಮಗನಿಗೆ ದೃಷ್ಟಿಯಾಗದಿರಲೆಂದು ಆಕೆ ಬಟ್ಟೆಯಲ್ಲಿ ಕಟ್ಟಿದ ಪ್ರಸಾದದ ಗಂಟನ್ನು ಇಂಜಿನ್ನು ಗಾಳಿ ಎಳೆಯುವ ಕಿಂಡಿಯಲ್ಲಿ ಸಿಕ್ಕಿಸಿದರು.

ನೆಲದ ಮೇಲೆ ಎಲ್ಲ ಸರಿಯಿತ್ತು. ಪೂರ್ತಿ ವೇಗ ಕೊಟ್ಟು ಮೇಲೇಳುವಾಗ ಗಂಟು ಗಾಳಿಯ ಸೆಳೆತಕ್ಕೆ ಒಳಕ್ಕೆ ಸರಿದು ಕಿಂಡಿ ಮುಚ್ಚಿತು. ಉಸಿರು ಕಟ್ಟಿದ ಇಂಜಿನ್ನಿನ ಬಲ ಸೋತು, ವಿಮಾನ ಪಕ್ಕದ ಜೋಳದ ಹೊಲಕ್ಕೆ ಬಿತ್ತು. ವಿಕ್ರಮನ ಕಾಲು ನುಜ್ಜುಗುಜ್ಜಾಯಿತು. ಮೊದಲು ಓಡಿಹೋದ ಚೌಡೇಶ್ ಅವನನ್ನು ಹೊರಗೆಳೆದ; ಆಮೇಲೆ ಗಂಟನ್ನು ಕಿತ್ತು ಜೇಬಿಗಿಳಿಸಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಕೆಲಸ ಹೋದದ್ದು ಇವನದು.

“ಬಾಯಿಬಿಟ್ಟು ಹೇಳಾಕೇನಾಗಿತ್ರಿ ನಿಮಗೆ?” ಎಂದು ಈಶ್ವರಮ್ಮ ಬೈದರೆ, “ಮಗನ ಕಾಲು ನಾನೇ ಮುರ್ದೆ ಅಂತ ಗೊತ್ತಾದ್ರೆ ಆ ತಾಯಿ ಬದುಕ್ತಾಳೇನೇ?” ಎಂದಿದ್ದ. ದೊಡ್ಡ ಧರ್ಮರಾಯ!

* * *

ಹೆಣವಿಟ್ಟ ಅಂಗಳದ ಮುಂದೆ ಕಾರು ನಿಂತಿತು. ತುಂಗಮ್ಮ ಮಗನ ತೋಳು ಹಿಡಿದು ಇಳಿದರು. ವಿಕ್ರಮ್ ಎಡಗಾಲು ಎಳೆಯುತ್ತಿದ್ದ. ಆಕೆ ಹೆಣದ ಬಾಯಿಗೆ ನೀರು ಬಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದರು: “ನನ್ನ ಮಗನ ಬಾಳು ಹಾಳು ಮಾಡಿದ. ಆದ್ರೂ ನಾನು ಕ್ಷಮಿಸಿದೀನಿ, ಈಶ್ವರಮ್ಮ. ಹೋದೋರ ಮೇಲೆಂಥ ಸಿಟ್ಟು?”

ಎಂಥ ದೊಡ್ಡ ಮನಸ್ಸೆಂದು ಜನ ತಲೆದೂಗಿದರು. ಈಶ್ವರಮ್ಮನ ಸಿಟ್ಟು ನೆತ್ತಿಗೇರಿತು. “ಕ್ಷಮ್ಸಾಕೆ ನೀವ್ಯಾರ್ರಿ? ಆವತ್ತು ಆ ಕಿಂಡಿಯೊಳಗೆ...”

“ಅಕ್ಕಾ!” ವಿಕ್ರಮ್ ಅವಳನ್ನು ಪಕ್ಕಕ್ಕೆ ಕರೆದ. “ನಂಗೆ ಗೊತ್ತು. ಅಮ್ಮ ಅಲ್ಲಿ ಗಂಟು ಇಟ್ಟಿದ್ದು ಕಂಡಿದ್ದೆ. ಬೇಜಾರು ಮಾಡ್ಕೊಳ್ತಾಳೆ ಅಂತ ತೆಗೀಲಿಲ್ಲ. ಚೌಡೇಶಣ್ಣ ಬಾಯಿ ಬಿಡಲಿಲ್ಲ. ನಾನೂ ಸುಮ್ನಿದ್ದೆ.”

ಈಶ್ವರಮ್ಮ ತಿರುಗಿ ನೋಡಿದಳು. ಬೆನ್ನು ಬಾಗಿದ ಮುದುಕಿ ಹೆಣದ ಕಾಲ ಮೇಲೆ ಸರಿದ ಬಟ್ಟೆಯನ್ನು ಸರಿಮಾಡುತ್ತಿದ್ದರು. ನಾಲಿಗೆ ತುದಿಗೆ ಬಂದದ್ದು ಅಲ್ಲೇ ನಿಂತಿತು. ಹಾಳು ಗಂಡಸರು! ಇವರ ಒಳ್ಳೆಯತನದ ಮೂಟೆ ಹೊರುವವಳು ಮಾತ್ರ ತಾನು.

“ಹಂಗಾದ್ರೆ ಬಂದು ಹೆಗ್ಲು ಕೊಡ್ರಿ,” ಎಂದಳು.

“ನಾನಾ? ಈ ಕಾಲಲ್ಲಿ?”

“ಹೂಂ. ಆ ಕಾಲ್ನಾಗೇ.”

ಚಟ್ಟ ಮೇಲೆದ್ದಿತು. ವಿಕ್ರಮ್ ಎಡಗಾಲು ಊರಿದಾಗಲೆಲ್ಲ ಅದು ಅವನ ಕಡೆ ವಾಲುತ್ತಿತ್ತು. “ಬಿಡ್ರಿ ಸಾರ್, ನಾ ಹಿಡಿತೀನಿ, ಅಣ್ಣ ಬಿದ್ದುಹೋಗ್ತಾನೆ!” ಎನ್ನುತ್ತ ರಾಜು ಓಡಿದ. ಈಶ್ವರಮ್ಮ ಅವನ ಅಂಗಿ ಹಿಡಿದು ನಿಲ್ಲಿಸಿದಳು. ಚಟ್ಟ ವಾಲುತ್ತ, ನೆಟ್ಟಗಾಗುತ್ತ, ಮತ್ತೆ ವಾಲುತ್ತ ರಸ್ತೆಯ ತಿರುವು ದಾಟುವವರೆಗೂ ಅವಳು ಆ ಅಂಗಿಯನ್ನು ಬಿಡಲಿಲ್ಲ.