ಪೂಜೆ ಮಾಡಿದ ಪೆಟ್ಟಿಗೆ

ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ, ಬಾಡಿಗೆ ಮನೆಯೊಂದರ ಮಹಡಿಯ ಮೇಲಿದ್ದ ಇಂಟರ್ನೆಟ್ ಯೋಜನೆಯ ಕಚೇರಿಗೆ ಸುಧಾ ಬಂದದ್ದು ಜಗಳ ಆಡುವುದಕ್ಕೇ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಮಸೆದುಕೊಂಡು ಬಂದಿದ್ದಳು. ಅಧಿಕಾರಿ ಕಾಂತರಾಜ್ “ಕೂಡ್ರಿ ಮೇಡಂ” ಅಂದ. ಅವಳು ಕೂರಲಿಲ್ಲ.

“ಗಂಗನಕೆರೆ ಪಂಚಾಯ್ತಿ ಲೈಬ್ರರಿ ನೋಡ್ಕಳಾಕಿ ನಾನು. ನಮ್ಮೂರಾಗೆ ನೆಟ್ ಒಂದಿನಾನೂ ಬಂದಿಲ್ಲ. ನಿಮ್ ಪಟ್ಟಿಯಾಗೆ ಐತೆ ಅಂತ ಹೆಂಗೆ ಬರದ್ರಿ?”

ಕಾಂತರಾಜ್ ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದ. “ನಾವ್ ಬರೆದಿಲ್ರೀ. ನೀವು ಬರ್ಕೊಟ್ಟಿದ್ದು.”

ಪರದೆಯ ಮೇಲೆ ಅವಳೇ ಇದ್ದಳು. ಗ್ರಂಥಾಲಯದ ಗೋಡೆಗೆ ಜಡಿದ ಬಿಳಿ ಪೆಟ್ಟಿಗೆ, ಅದಕ್ಕೆ ಸೇವಂತಿಗೆ ಹಾರ, ಮೂರು ಬೆರಳ ವಿಭೂತಿ, ಮುಂದೆ ಒಡೆದ ತೆಂಗಿನಕಾಯಿ. ಆರತಿ ತಟ್ಟೆ ಹಿಡಿದು ಸುಧಾ ನಗುತ್ತಿದ್ದಳು. ಪೆಟ್ಟಿಗೆಯಲ್ಲಿ ಹಸಿರು ದೀಪ. ಕೆಳಗೆ ‘ಸೇವೆ ಚಾಲನೆಯಲ್ಲಿದೆ’ ಎಂಬ ಪತ್ರ, ಅವಳ ಸಹಿ, ಗ್ರಂಥಾಲಯದ ಮೊಹರು.

ಅದು ಹೋದ ಮಾರ್ಚಿನ ಕೊನೆಯ ವಾರ. ಗುತ್ತಿಗೆದಾರನ ಕಡೆಯ ದಿನೇಶ ಪೆಟ್ಟಿಗೆ ಜಡಿದು, “ಅಕ್ಕಾ, ಮೂವತ್ತೊಂದು ದಾಟಿದ್ರೆ ಅನುದಾನ ವಾಪಸ್ ಹೋಗ್ತತಿ, ನಿಮ್ಮೂರ ಹೆಸ್ರೇ ಹಾರೋಗ್ತತಿ” ಅಂದಿದ್ದ. ಟ್ರ್ಯಾಕ್ಟರ್ ಬರಲಿ, ಹಿಟ್ಟಿನ ಗಿರಣಿ ಬರಲಿ, ಪೂಜೆಯಾಗದೆ ಯಾವ ಯಂತ್ರವನ್ನೂ ಮುಟ್ಟದ ಊರು. ಹಾರ ತಂದವಳು ಸುಧಾಳೇ. ದೀಪ ಹತ್ತಿದ್ದೇ ತಡ, ಮಕ್ಕಳು ಚಪ್ಪಾಳೆ ಹೊಡೆದರು. ಪೂಜೆಯಾದ ಮೇಲೆ ಅನುಮಾನದ ಮಾತಾಡುವುದು ಅಪಶಕುನ. ಬಾಯಲ್ಲಿ ಕೊಬ್ಬರಿ ಸಕ್ಕರೆ ಇರುವಾಗಲೇ ಸಹಿ ಹಾಕಿಬಿಟ್ಟಳು. ಆ ದೀಪ ಬರೀ ಕರೆಂಟಿನದು, ಇಂಟರ್ನೆಟ್ಟಿಗೆ ಬೇರೆ ದೀಪವಿದೆ ಎಂದು ತಿಳಿದದ್ದು ಆಮೇಲೆ. ಕೇಬಲ್ಲನ್ನು ಊರು ಎರಡು ಕಿಲೋಮೀಟರ್ ಇರುವಾಗಲೇ, ಕೊಂಡಜ್ಜಿ ರಸ್ತೆಯ ಕಂಬವೊಂದಕ್ಕೆ ಸುರುಳಿ ಸುತ್ತಿ ನೇತುಹಾಕಿ ಹೋಗಿದ್ದರು.

ನೆಟ್ ಬಾರದಿದ್ದರೆ ಹಾಳಾಗಲಿ, ಮೊದಲೂ ಇರಲಿಲ್ಲ. ಆದರೆ ಮೊದಲು ಗಂಗನಕೆರೆ ‘ನೆಟ್‌ವರ್ಕ್ ಇಲ್ಲದ ಊರು’ಗಳ ಪಟ್ಟಿಯಲ್ಲಿತ್ತು. ರೇಷನ್ ಅಂಗಡಿಯವನು ಪುಸ್ತಕದಲ್ಲಿ ಬರೆದುಕೊಂಡು ಅಕ್ಕಿ ಕೊಡುತ್ತಿದ್ದ. ಅವಳ ಸಹಿ ಬಿದ್ದ ಮರುತಿಂಗಳೇ ಪುಸ್ತಕ ರದ್ದಾಯಿತು. ಎಲ್ಲರೂ ಯಂತ್ರಕ್ಕೆ ಹೆಬ್ಬೆಟ್ಟು ಒತ್ತಲೇಬೇಕು. ಸಿಗ್ನಲ್ ಸಿಗುವುದು ಕೆರೆ ಏರಿಯ ಮೇಲೆ ಮಾತ್ರ. ಯಂತ್ರ ಹೊತ್ತು ಅಂಗಡಿಯವನು ಮುಂದೆ, ಊರೆಲ್ಲ ಹಿಂದೆ. ಮೊನ್ನೆ ಎಪ್ಪತ್ತು ದಾಟಿದ ಗಿರಿಯಮ್ಮ ಏರಿಯಿಂದ ಜಾರಿ ಬಲಗೈ ಮುರಿದುಕೊಂಡಳು. ಕಳೆ ಕಿತ್ತು ಸವೆದ ಎಡಗೈ ಬೆರಳುಗಳನ್ನು ಯಂತ್ರ ಗುರುತಿಸಲಿಲ್ಲ, ಅಕ್ಕಿ ಸಿಗಲಿಲ್ಲ. “ನೀ ಪೂಜೆ ಮಾಡಿದ ದೇವ್ರು ನನ್ ಕೈನೇ ಬೇಡ್ತಲ್ಲೇ ಸುಧಾ” ಎಂದು ಮುದುಕಿ ಪಟ್ಟಿ ಕಟ್ಟಿದ ಕೈ ತೋರಿಸಿ ನಕ್ಕಿದ್ದಳು. ಬೈದಿದ್ದರೆ ಸುಧಾ ತಡೆದುಕೊಳ್ಳುತ್ತಿದ್ದಳೇನೋ.

“ನಮ್ಮೂರ ಹೆಸ್ರು ಆ ಪಟ್ಟಿಯಿಂದ ತೆಗೀರಿ.”

“ತೆಗಿಯಾಕೆ ಬರಲ್ರೀ. ಜಿಲ್ಲೆ ನೂರಕ್ಕೆ ನೂರು ಅಂತ ಮ್ಯಾಲೆ ಹೋಗೈತೆ. ಎರಡನೇ ಹಂತದಾಗೆ ನೋಡಾಣ.”

“ಅಲ್ಲಿತಂಕ ಮುದುಕಿ ಏನ್ ತಿನ್ಬೇಕು? ಈ ಫೋಟೋನಾ?”

“ಯಾಕ ಕೂಗ್ತೀರಿ? ಒಂದೇ ದಾರಿ ಐತೆ. ಸಹಿ ಹಾಕಿದಾರೇ ಅದು ಸುಳ್ಳು ಅಂತ ಬರ್ಕೊಡ್ಬೇಕು.” ಕಾಂತರಾಜ್ ದನಿ ಇಳಿಸಿದ. “ಬರ್ಕೊಟ್ರೆ ನೋಟಿಸ್ ಬರಾದು ನಿಮಗೇ. ಗುತ್ತಿಗೆದಾರಂದು ಬಿಲ್ ಆಗೋಗೈತೆ, ಅವಂಗೇನಾಗಲ್ಲ. ನಿಮ್ದು ಕಾಯಂ ಕೆಲ್ಸಾನೂ ಅಲ್ಲ. ಬ್ಯಾಡ ಬಿಡ್ರಿ. ಟೀ ಕುಡ್ದು ಊರಿಗೆ ಹೋಗ್ರಿ.”

ಹನ್ನೊಂದು ವರ್ಷದಿಂದ ಆ ಗ್ರಂಥಾಲಯದ ಬೀಗ ತೆಗೆಯುತ್ತ ಬಂದವಳು ಅವಳು. ಊರಲ್ಲಿ ಅವಳನ್ನು ಇಂಥವನ ಹೆಂಡತಿ ಅನ್ನುತ್ತಿರಲಿಲ್ಲ, ಲೈಬ್ರರಿ ಸುಧಕ್ಕ ಅನ್ನುತ್ತಿದ್ದರು. ಮುಂಜಾನೆಯಿಂದ ಯಾರ ಮುಖಕ್ಕೆ ಉಗಿಯಲಿ ಎಂದು ಹುಡುಕುತ್ತಿದ್ದಳು. ಎದುರಿಗೆ ಪರದೆಯಲ್ಲಿ ಅವಳದೇ ಮುಖ ನಗುತ್ತಿತ್ತು. ಪ್ರಿಂಟರಿನ ತಟ್ಟೆಯಿಂದ ಹಾಳೆಯೊಂದನ್ನು ಎಳೆದುಕೊಂಡು ನಿಂತೇ ಬರೆದಳು: ‘ಪರೀಕ್ಷಿಸದೆ ಸಹಿ ಹಾಕಿದ್ದೇನೆ. ಆ ಪತ್ರ ಸುಳ್ಳು. ಅಂದು ನೆಟ್ ಇರಲಿಲ್ಲ, ಇಂದೂ ಇಲ್ಲ.’

“ಇಷ್ಟು ಒರಟಾಗಿ ಬ್ಯಾಡ. ‘ತಾಂತ್ರಿಕ ಕಾರಣದಿಂದ’ ಅಂತ ಸೇರಿಸ್ರಿ.”

“ಕಾರಣ ನೀವು ಸೇರಿಸ್ಕಳ್ರಿ. ಇದಕ್ಕೆ ಸ್ವೀಕೃತಿ ಮೊಹರು ಹಾಕ್ರಿ.”

“ಇಂಥದ್ದನ್ನ ತಗಳಾಕಾಗಲ್ರೀ ನಾವು.”

“ಹೌದಾ?” ಸುಧಾ ಈಗ ಕುರ್ಚಿ ಎಳೆದುಕೊಂಡು ಕೂತಳು. “ಸುಳ್ಳು ಪತ್ರ ತಗಳಾಕೆ ಊರಿಗೇ ಬಂದಿದ್ರಿ. ನಿಜ ಬರ್ಕೊಂಡು ಮನಿ ಬಾಗ್ಲಿಗೆ ಬಂದ್ರೆ ಆಗಲ್ವಾ? ಹಾಕಾತಂಕ ಏಳಾಕಿ ಅಲ್ಲ ನಾನು!”

ಪಕ್ಕದ ಕೋಣೆಯವರು ಬಂದು ಬಾಗಿಲಲ್ಲಿ ನಿಂತರು. ಅವಳು ಬರೆದದ್ದನ್ನು ಗಟ್ಟಿಯಾಗಿ ಓದಿದಳು, ಅವರಿಗೂ ಕೇಳುವಂತೆ ಮತ್ತೊಮ್ಮೆ ಓದಿದಳು. ಮೂರನೆಯ ಸಲ ಓದಲು ಶುರುಮಾಡಿದಾಗ ಕಾಂತರಾಜ್ ನಕಲು ಮಾಡಿಸಿ, ಎರಡಕ್ಕೂ ಮೊಹರು ಕುಟ್ಟಿ, ಅವಳ ಪ್ರತಿಯನ್ನು ಮೇಜಿನ ಮೇಲೆ ಎಸೆದ.

ಹರಿಹರದ ತಾಲ್ಲೂಕು ಕಚೇರಿಗೆ ಬರುವಾಗ ನಾಲ್ಕೂವರೆ. ಆಹಾರ ಶಾಖೆಯ ಶಾಹಿಸ್ತಾ ಪತ್ರವನ್ನು ಎರಡು ಸಲ ಓದಿ ತಲೆಯೆತ್ತಿದಳು.

“ಇದರ ಮೇಲೆ ರೇಷನ್ ಪುಸ್ತಕಕ್ಕೆ ಮತ್ತೆ ಅನುಮತಿ ಬರೆಸಬೋದು. ಸಾಹೇಬ್ರು ಇನ್ನೂ ಇದಾರೆ. ಆದ್ರೆ ಅಕ್ಕಾ, ಇದು ಫೈಲಿಗೆ ಹೋದ್ರೆ ನಿಮ್ ಕೆಲ್ಸ ಉಳಿಯಲ್ಲ. ಗೊತ್ತೈತಾ?”

“ಗೊತ್ತಿಲ್ದೆ ಬಂದಿದೀನಾ?” ಸುಧಾಳ ದನಿ ಕಚೇರಿಗೆಲ್ಲ ಕೇಳಿತು. “ಗಿರಿಯಮ್ಮನ ಹೆಸ್ರು ಮೊದ್ಲು ಬರೀರಿ.”