ಮೂರನೆಯ ಯಜಮಾನ

ಹಳೇ ಕಾರೊಂದರ ಸೀಟು ಹೊಲಿಯಬೇಕು ಎಂದು ಡಾಕ್ಟರು ಕರೆಸಿದಾಗ, ಅದು ಯಾವ ಕಾರೆಂದು ಸೀಟಕ್ಕ ಕೇಳಿರಲಿಲ್ಲ. ಕಾರಿನ ಸೀಟು ಹೊಲಿದೇ ಅವಳಿಗೆ ಆ ಹೆಸರು ಅಂಟಿಕೊಂಡಿತ್ತು. ಕಾರು ಯಾವುದಾದರೇನು, ಸೂಜಿ ಒಂದೇ. ಶೆಡ್ಡಿನ ಬಾಗಿಲು ಸರಿಸಿ ಒಳಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟಳು.

ದೋಣಿಯ ಹಾಗೆ ಹಿಂದಕ್ಕೆ ಚೂಪಾಗುವ ಮರದ ಮೈ. ಎಂಜಿನ್ನೂ ಚೌಕಟ್ಟೂ ಮಾತ್ರ ಕಂಪನಿಯದು; ಉಳಿದದ್ದನ್ನೆಲ್ಲ ಗಿರಣಿ ಯಜಮಾನರೊಬ್ಬರು ಬಡಗಿಗಳನ್ನು ಕೂರಿಸಿಕೊಂಡು ತಮ್ಮ ಮನಸ್ಸಿಗೆ ಬಂದ ಹಾಗೆ ಕಟ್ಟಿಸಿದ್ದು. ಲೋಕದಲ್ಲಿ ಅಂಥದ್ದು ಇನ್ನೊಂದಿಲ್ಲ. ಐವತ್ತೊಂದು ವರ್ಷದ ಹಿಂದೆ ಅದು ಸೀಟಕ್ಕನ ಮನೆಯ ಮುಂದೆ ನಿಂತಿತ್ತು.

ಡಾಕ್ಟರು ಮೆತ್ತಗಿನ ಮನುಷ್ಯ. ಅವಳಿಗೆ ಕುರ್ಚಿ ಹಾಕಿ, ಕಾಗದವೊಂದನ್ನು ಮುಂದಿಟ್ಟರು. ಕಾರು ಕೈಬದಲಾದ ಪಟ್ಟಿ. ಗಿರಣಿ ಯಜಮಾನರು, ವಕೀಲರು, ಅಪ್ಪ, ಮತ್ತೆ ಅದೇ ವಕೀಲರು, ಚಿತ್ರಮಂದಿರದವರು, ಕೊನೆಗೆ ಡಾಕ್ಟರು.

"ವಸ್ತುಸಂಗ್ರಹಾಲಯದವರು ತಗೋತೀವಿ ಅಂದಿದ್ದಾರೆ. ಪಟ್ಟಿ ಚೊಕ್ಕಟವಾಗಿರಬೇಕಂತೆ. ಈ ಮೂರನೇ ಹೆಸರು ನಿಮ್ಮ ತಂದೆಯವರದಲ್ವಾ? ಅವರು ವಕೀಲರ ಡ್ರೈವರು ತಾನೇ?"

"ಹೌದು."

"ಡ್ರೈವರು ಇಂಥ ಕಾರಿಗೆ ಯಜಮಾನ ಆದದ್ದು ಹೇಗೆ ಅಂತ ಕೇಳ್ತಾರೆ. ಗುಮಾಸ್ತನ ಕೈತಪ್ಪು ಅಂತ ಮಗಳಾಗಿ ನೀವೊಂದು ಸಹಿ ಹಾಕಿಕೊಟ್ಟರೆ ಸಾಕು, ಆ ಹೆಸರು ತೆಗೆಸಿಬಿಡ್ತೀನಿ."

"ನಾಳೆ ಹೇಳ್ತೀನಿ" ಎಂದು ಸೀಟಕ್ಕ ಅಳತೆಯನ್ನೂ ತೆಗೆಯದೆ ಎದ್ದಳು.

ಕೈತಪ್ಪಲ್ಲ ಎಂಬುದು ಅವಳಿಗೆ ಗೊತ್ತು. ಅವಳಿಗಾಗ ಎಂಟು ವರ್ಷ. ಅಪ್ಪ ಜ್ವರ ಬಂದು ಒಂದು ವಾರ ಮಲಗಿದ್ದ. ಕೆಲಸಕ್ಕೆ ಹೋದ ಮೊದಲ ದಿನವೇ ವಕೀಲರು, "ಹದಿನೈದು ವರ್ಷ ನನ್ನ ಹತ್ತಿರ ದುಡಿದಿದ್ದೀಯ. ಕಾರು ನಿನಗೇ ಇರಲಿ" ಎಂದು ಕಾಗದ ಮುಂದಿಟ್ಟರಂತೆ. ಅಪ್ಪನಿಗೆ ಸಹಿ ಹಾಕಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಕಾಗದದ ಮೇಲಿನ ತಾರೀಖು ಎಂಟು ದಿನ ಹಿಂದಿನದೆಂದು ಅವನಿಗೆ ತಿಳಿಯುವುದೆಲ್ಲಿಂದ? ಕಾರಿನ ಎಡಗಡೆಯ ದೀಪ ಹೊಸದಾಗಿರುವುದು ಮಾತ್ರ ಕಣ್ಣಿಗೆ ಬಿತ್ತು. "ನನಗೆ ಕೊಡೋಕೆ ಅಂತಾನೇ ಹೊಸದು ಹಾಕಿಸಿದ್ದಾರೆ" ಎಂದು ಹೆಂಡತಿಯ ಮುಂದೆ ಹಿಗ್ಗಿ ಹೇಳಿದ.

"ಹಾಕಿಸಿದ್ದಾರೆ ಸರಿ ಯಜಮಾನ್ರೇ, ಅದಕ್ಕೆ ಕುಡಿಯೋಕೆ ಏನು ಕೊಡ್ತೀರಿ? ನಲ್ಲಿ ನೀರಾ?" ಎಂದು ಅಮ್ಮ ನಕ್ಕಳು. ನಕ್ಕರೂ ಎರಡು ಹೊದಿಕೆ ಸೇರಿಸಿ ಹೊಲಿದು ಕಾರಿಗೆ ಹೊದಿಸಿದಳು. ಅಪ್ಪ ಒಂದು ದಿನ ಹಿಂದಿನ ಸೀಟಿನಲ್ಲಿ ಕೂತ, ಮೈಯನ್ನೆಲ್ಲ ಹಿಡಿಮಾಡಿಕೊಂಡು, ಯಾರದೋ ಮನೆಗೆ ಬಂದ ನೆಂಟನ ಹಾಗೆ.

ಹನ್ನೊಂದನೆಯ ದಿನ ಪೊಲೀಸರು ಬಂದರು. ಅಪ್ಪ ಮಲಗಿದ್ದ ವಾರದಲ್ಲಿ ವಕೀಲರೇ ಓಡಿಸುತ್ತಿದ್ದ ಕಾರು ಹಾಲು ಹಂಚುವವನೊಬ್ಬನನ್ನು ಕೊಂದಿತ್ತು. ಕಾಗದದ ಪ್ರಕಾರ ಆ ದಿನ ಕಾರು ಅಪ್ಪನದು, ಓಡಿಸಬಲ್ಲವನೂ ಅಪ್ಪನೇ. ಎರಡು ವರ್ಷ ಜೈಲು. ಕೇಸಿಗೆ ಬೇಕೆಂದು ಒಳಗೇ ಇನ್ನೊಂದು ಸಹಿ ಹಾಕಿಸಿಕೊಂಡು ವಕೀಲರು ಕಾರನ್ನು ವಾಪಸ್ಸು ಒಯ್ದರು. ಹೊರಗೆ ಬಂದ ಅಪ್ಪ ಸಾಯುವತನಕ ಕಾರ್ಖಾನೆಯ ಗೇಟು ಕಾದ, ಸ್ಟೀರಿಂಗ್ ಮುಟ್ಟಲಿಲ್ಲ.

ಸೀಟಕ್ಕ ಮನೆಗೆ ಬಂದಾಗ ಅಕ್ಕ ಬಟ್ಟೆ ಮಡಚುತ್ತಿದ್ದಳು. ಎಲ್ಲವನ್ನೂ ಕೇಳಿ, "ಹಾಕಿಬಿಡೇ ಸಹಿ" ಎಂದಳು. "ಆ ಕಾಗದದಲ್ಲಿ ಹೆಸರು ಇರೋತನಕ ಅಪ್ಪ ಕೊಲೆಗಾರನೇ. ಡಾಕ್ಟರು ತಾವಾಗೇ ಅಳಿಸ್ತೀನಿ ಅಂತ ಬಂದಿದ್ದಾರೆ, ನಿನಗೇನು ಕಷ್ಟ?"

"ಸುಳ್ಳು ಹೇಳಬೇಕಲ್ಲೇ."

"ಅವರು ಬರೆದದ್ದು ನಿಜಾನಾ? ದೊಡ್ಡ ಸತ್ಯವಂತಳು ಬಂದುಬಿಟ್ಟಳು."

ಅಕ್ಕನ ಮಾತು ತೆಗೆದುಹಾಕುವಂಥದ್ದಾಗಿರಲಿಲ್ಲ. ಅಪ್ಪನನ್ನು ಬಿಡಿಸುವುದು ಸೀಟಕ್ಕನ ಒಂದು ಸಹಿಯಲ್ಲಿತ್ತು. ಆದರೂ ಆಗಲಿ ಎನ್ನದೆ, ಅಕ್ಕನ ಪಕ್ಕ ಕೂತು ಬಟ್ಟೆ ಮಡಚತೊಡಗಿದಳು.

ಮರುದಿನ ಡಾಕ್ಟರು ಪೆನ್ನಿನ ಮುಚ್ಚಳ ತೆಗೆದೇ ಇಟ್ಟಿದ್ದರು.

"ಹೆಸರು ಹೇಗೆ ಬಂತು ಅನ್ನೋ ನಿಜಾನ ಪಟ್ಟಿಯಲ್ಲೇ ಬರೀರಿ. ಅದಕ್ಕಾದರೆ ಸಹಿ ಹಾಕ್ತೀನಿ" ಎಂದಳು.

"ಹಾಗೆ ಬರೆದರೆ ಯಾರು ತಗೋತಾರೆ ಸೀಟಕ್ಕ? ಹೆಸರು ಹಾಗೇ ಉಳಿದರೂ ಕೆಟ್ಟದ್ದು ನಿಮ್ಮ ತಂದೆಗೇ. ಯಾರಾದರೂ ಹಾಲಿನವನ ವಿಷಯ ಕೆದಕಿದರೆ?"

ಅವಳು ಹಾಲಿನವನ ಮಾತು ಎತ್ತಿಯೇ ಇರಲಿಲ್ಲ. ಡಾಕ್ಟರಿಗೂ ಅದು ಹೊಳೆದಿರಬೇಕು, ಪೆನ್ನನ್ನು ನೋಡುತ್ತಾ ಕೂತರು.

"ಮೊದಲೇ ಗೊತ್ತಿತ್ತು ನಿಮಗೆ."

"ಕೇಳಿದ್ದೆ. ಪೂರ್ತಿ ಅಲ್ಲ."

ಸೀಟಕ್ಕ ಪಟ್ಟಿಯ ಮೇಲೆ ಬೆರಳಿಟ್ಟಳು. "ವಕೀಲ್ರು, ನಮ್ಮಪ್ಪ, ಮತ್ತೆ ವಕೀಲ್ರು. ನಡುವೆ ಎರಡೇ ತಿಂಗಳು. ಕಣ್ಣಿರೋರು ಯಾರಾದ್ರೂ ಒಂದಿನ ಇದೇನಿದು ಅಂತ ಕೇಳ್ತಾರೆ. ಅಳಿಸಿಬಿಟ್ರೆ ಕೇಳೋಕೇ ಏನೂ ಇರಲ್ಲ. ನಾನು ಸಹಿ ಹಾಕಲ್ಲ ಡಾಕ್ಟ್ರೇ."

"ಕೇಳಿದವರಿಗೆ ನಾನೇನು ಹೇಳಲಿ?"

"ನಮ್ಮ ಅಂಗಡಿ ದಾರಿ ಹೇಳಿ."

ಸೀಟು ಹೊಲಿಯಲು ಅವರು ಮತ್ತೆ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಅಕ್ಕ ಮೂರು ದಿನ ಮುಖ ತಿರುಗಿಸಿಕೊಂಡೇ ಓಡಾಡಿದಳು. ಸೀಟಕ್ಕನಿಗೂ ಮಾಡಿದ್ದು ಸರಿಯೋ ತಪ್ಪೋ ಎಂದು ಸೂಜಿ ಕೈಯಲ್ಲೇ ನಿಂತುಹೋಗುತ್ತಿತ್ತು. ನಾಲ್ಕನೆಯ ದಿನ ಅಕ್ಕ ಅಂಗಡಿಯ ಬಾಗಿಲಿಗೆ ಬಂದು, ಒಳಗೆ ಬರದೆ ನಿಂತಳು.

"ಯಾರಾದ್ರೂ ಬಂದು ಕೇಳಿದ್ರಾ?"

"ಇಲ್ಲ."

"ಬಂದ್ರೆ ನನ್ನನ್ನೂ ಕರಿ. ನೀನಾಗ ಚಿಕ್ಕವಳು, ಎಲ್ಲಾ ಅರ್ಧಂಬರ್ಧ ಹೇಳಿಬಿಡ್ತೀಯ."